ಮೂರು ಸೈಟ್ ಸುತ್ತಿದರೂ ಇಳಿಯದ ಸಕ್ಕರೆ

ಸೂಜಿಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದು ನಾನು ಬಹುಕಾಲ ನಂಬಿದ್ದೆ. ಇಪ್ಪತ್ತೆರಡನೆಯ ವಯಸ್ಸಿಗೇ ಟೈಪ್ ಒನ್ ಸಕ್ಕರೆ ಕಾಯಿಲೆ ಅಂಟಿಸಿಕೊಂಡವನು. ಅಂದಿನಿಂದ ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತ ಬಂದು, ಐವತ್ತರ ಹೊತ್ತಿಗೆ ಒಂದು ಮಹಾ ಸಂಶೋಧನೆಯನ್ನೂ ಮಾಡಿದ್ದೆ. ಹೊಕ್ಕುಳಿನಿಂದ ಎಡಕ್ಕೆ ಮೂರು ಬೆರಳು ದಾಟಿದರೆ ಒಂದು ಜಾಗ. ಅಲ್ಲಿ ಚುಚ್ಚಿದರೆ ನೋವೇ ಇಲ್ಲ! ಬೇರೆ ಜಾಗದ ಗೊಡವೆ ನನಗೇಕೆ? ಎರಡು ವರ್ಷ ಅಲ್ಲೇ ಚುಚ್ಚಿದೆ. ಅಲ್ಲೊಂದು ನಿಂಬೆಹಣ್ಣಿನಷ್ಟು ಗಂಟು ಎದ್ದಿತು. ಹೆಂಡತಿಯ ಕೈರುಚಿಗೆ ಹೊಟ್ಟೆ ಬಂದಿದೆ ಎಂದುಕೊಂಡೆ. ಬರೀ ಎಡಗಡೆಗೆ!

ಆಗ ಹೈದರಾಬಾದಿನಲ್ಲಿ ಕಂಪ್ಯೂಟರ್ ಕಂಪನಿಗಳ ಸುಗ್ಗಿ. ಕೊಂಡಾಪುರದಲ್ಲಿ ಬಂಡೆ ಒಡೆದಲ್ಲೆಲ್ಲ ಅಪಾರ್ಟ್‌ಮೆಂಟು ಏಳುತ್ತಿತ್ತು. ಅಂಥದ್ದೊಂದು ಸೈಟಿನಲ್ಲಿ ನಾನು ಸ್ಟೋರ್‌ಕೀಪರ್. ಕಲಿತದ್ದು ಹತ್ತನೇ ಇಯತ್ತೆ. ಗತ್ತು ಮಾತ್ರ ಚೀಫ್ ಇಂಜಿನಿಯರನದು.

ಇದ್ದಕ್ಕಿದ್ದಂತೆ ಸಕ್ಕರೆ ಏರತೊಡಗಿತು. ದವಾಖಾನೆಯ ಡಾಕ್ಟರು ರಿಪೋರ್ಟಿನಿಂದ ತಲೆ ಎತ್ತದೆಯೇ ಕೇಳಿದರು.

"ಏಕೀಚ್ ಸೈಟ್ ಪೇ ಹೈ ಕ್ಯಾ?"

"ಹಾಂ ಸಾಬ್. ದೋ ಸಾಲ್ ಸೇ."

"ನಕ್ಕೋ! ಸೈಟ್ ಬದಲ್‌ತೇ ರಹೋ."

ಒಂದೇ ಸೈಟ್ ಬೇಡ, ಬದಲಿಸುತ್ತಿರು ಅಂತ! ನಾನು ಎರಡು ವರ್ಷದಿಂದ ಕೊಂಡಾಪುರದ ಸೈಟಿನಲ್ಲೇ ಇದ್ದದ್ದು ಇವರಿಗೆ ಹೇಗೆ ತಿಳಿಯಿತು? ಮಹಾಜ್ಞಾನಿ! ಅಲ್ಲಿನ ಧೂಳೇ ರಕ್ತಕ್ಕಿಳಿದು ಸಕ್ಕರೆಯಾಗುತ್ತಿದೆ ಎಂದು ನಿಶ್ಚಯಿಸಿ, ನೇರವಾಗಿ ನಮ್ಮ ಕಾಂಟ್ರಾಕ್ಟರನ ಬಳಿಗೆ ಓಡಿದೆ. ಡಾಕ್ಟರ ಆಜ್ಞೆ ಎಂದೆ. ಪಾಪ, ಅವನು ತಾರ್ನಾಕದ ಸೈಟಿಗೆ ಹಾಕಿದ.

ಮುಂದಿನ ತಿಂಗಳು ಸಕ್ಕರೆ ಇನ್ನೂ ಮೇಲೆ.

"ಸೈಟ್ ಬದಲೇ?"

"ಬದಲಾ ಸಾಬ್!" ಎಂದು ಎದೆ ಉಬ್ಬಿಸಿದೆ.

ಡಾಕ್ಟರು ಶಾಬಾಸ್ ಎಂದು ಡೋಸ್ ಏರಿಸಿದರು. ನಾನು ಮತ್ತೆ ಕಾಡಿ ಬೇಡಿ ಬೇಗಂ ಬಜಾರಿನ ಗೋದಾಮು ರಿಪೇರಿಗೆ ಹೋದೆ. ಅಲ್ಲೂ ಇಳಿಯಲಿಲ್ಲ. ಡೋಸ್ ಮತ್ತೆ ಏರಿತು. ಇನ್ಸುಲಿನ್ ಹೆಚ್ಚಾಯಿತು, ಮೂರು ಸೈಟ್ ಆದವು. ಇನ್ನು ಬದಲಾಗದೆ ಉಳಿದದ್ದು ಒಂದೇ. ನನ್ನ ಹೆಂಡತಿ ಶಾಂತಾಬಾಯಿಯ ಅಡುಗೆ!

ಇಲ್ಲಿಂದ ಮುಂದಿನದನ್ನು ಬರೆಯಲು ಈ ವಯಸ್ಸಿನಲ್ಲೂ ನಾಚಿಕೆಯಾಗುತ್ತದೆ. ಸಕ್ಕರೆ ಡಬ್ಬಿಯನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದು, ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡೆ. ಅಷ್ಟು ಸಾಲದೆಂದು ಪಕ್ಕದ ಮನೆಯ ಪಾಟೀಲ ದಂಪತಿಯ ಮುಂದೆ, "ಈಕಿ ಕದ್ದು ಸಕ್ರಿ ಹಾಕ್ತಾಳ್ರಿ" ಎಂದುಬಿಟ್ಟೆ.

"ನಾ ಕಳ್ಳೇನ್ರಿ?" ಎಂದಳು ಶಾಂತಾಬಾಯಿ. "ನಿಮ್ಮ ಸಲುವಾಗಿ ನಾನೂ ಚಾದಾಗ ಸಕ್ರಿ ಬಿಟ್ಟು ಹತ್ತು ವರ್ಷಾತು!"

ಆಮೇಲೆ ಹದಿನೈದು ದಿನ ರೊಟ್ಟಿ ತಾಟಿಗೆ ಬೀಳುವ ಸದ್ದೇ ನಮ್ಮ ಸಂಸಾರದ ಸಂಭಾಷಣೆ. ಹದಿನಾರನೆಯ ದಿನ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು.

"ನಡೀರಿ ದವಾಖಾನಿಗಿ. ತಪ್ಪು ನಂದ ಅಂತ ಅಲ್ಲಿ ಹೇಳಿದ್ರ ಹಂಗ ಸಿಂಧನೂರು ಬಸ್ ಹತ್ತಿ ತವರಮನಿಗಿ ಹೋಗ್ತೀನಿ. ತಿರುಗಿ ಬರಂಗಿಲ್ಲ ನೋಡ್ರಿ."

ಅವಳು ಸುಳ್ಳು ಬೆದರಿಕೆ ಹಾಕುವ ಹೆಂಗಸಲ್ಲ. ಬಸ್ಸಿನುದ್ದಕ್ಕೂ ನನ್ನ ತಪ್ಪೇ ಆಗಿರಲಿ ದೇವರೇ ಎಂದು ಬೇಡಿಕೊಂಡೆ. ಹಾಗೆ ಬೇಡಿಕೊಂಡದ್ದು ಅದೇ ಮೊದಲು.

ಡಾಕ್ಟರು ಇನ್ನೂ ಬಂದಿರಲಿಲ್ಲ. ಇನ್ನು ಯಾವ ಸೈಟಿಗೆ ಹೋಗಬೇಕು ಎಂದು ಶಾಂತಾಬಾಯಿ ತನ್ನ ಹಿಂದಿಯಲ್ಲಿ ನರ್ಸಮ್ಮನಿಗೆ ದೂರು ಕೊಟ್ಟಳು. "ಕೊಂಡಾಪುರ್ ಹುವಾ, ತಾರ್ನಾಕ ಹುವಾ, ಬೇಗಂ ಬಜಾರ್ ಹುವಾ. ಅಬ್ ಕೌನ್ಸಾ ಸೈಟ್ ಜಾನಾ?"

ನರ್ಸಮ್ಮ ಕಣ್ಣರಳಿಸಿದಳು. "ಸೂಯಿ ಲೇನೇ ಬೇಗಂ ಬಜಾರ್ ಜಾತೇ ಕ್ಯಾ ಚಾಚಾ?" ಸೂಜಿ ಚುಚ್ಚಿಸಿಕೊಳ್ಳಲು ಬೇಗಂ ಬಜಾರಿಗೆ ಹೋಗುತ್ತೀರಾ ಎಂದು ಕೇಳಿ, ಅಂಗಿ ಎತ್ತಲು ಹೇಳಿದಳು.

ಎತ್ತಿದೆ. ಮೊದಲು ಕಂಡದ್ದು ಸಕ್ಕರೆ ಪೆಟ್ಟಿಗೆಯ ಕೀಲಿ. ಆಮೇಲೆ ಗಂಟು.

"ಅರೇ ಚಾಚಾ! ಸೈಟ್ ಬೋಲೇ ತೋ ಯೇ!" ಎಂದು ಆಕೆ ಆ ಗಂಟನ್ನು ಬೆರಳಿನಿಂದ ಒತ್ತಿದಳು.

ಸೈಟ್ ಎಂದರೆ ಸೂಜಿ ಚುಚ್ಚುವ ಜಾಗವಂತೆ! ಒಂದೇ ಕಡೆ ಚುಚ್ಚಿದರೆ ಅಲ್ಲಿ ಕೊಬ್ಬು ಗಂಟು ಕಟ್ಟುತ್ತದೆ. ಇನ್ಸುಲಿನ್ ಅದರೊಳಗೆ ಕೂತು, ಮನಸ್ಸು ಬಂದಾಗ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಸ್ಟೋರ್‌ಕೀಪರನಾದ ನನಗೆ ತಟ್ಟನೆ ಅರ್ಥವಾಯಿತು. ಸಿಮೆಂಟು ಲೋಡುಗಟ್ಟಲೆ ಬರುತ್ತಿದೆ, ಎಲ್ಲ ಗೋದಾಮಿನಲ್ಲೇ ಬಿದ್ದಿದೆ, ಗೋಡೆ ಮಾತ್ರ ಏಳುತ್ತಿಲ್ಲ! ಅಷ್ಟರಲ್ಲಿ ಬಂದ ಡಾಕ್ಟರು ಡೋಸ್ ಇಳಿಸಿದರು. ಹೊಸ ಜಾಗದಲ್ಲಿ ಔಷಧ ಚುರುಕಾಗಿ ಹತ್ತುತ್ತದೆ, ಏರಿಸಿದ ಡೋಸನ್ನೇ ಹಾಕಿದರೆ ಸಕ್ಕರೆ ಕುಸಿದು ನೀವು ನೆಲಕ್ಕೆ ಬೀಳುತ್ತೀರಿ ಎಂದು ಗದರಿಸಿದರು.

"ತಪ್ಪಾತು" ಎಂದೆ ಹೆಂಡತಿಗೆ.

"ಇಲ್ಲಿ ಯಾಕ? ಯಾರ ಮುಂದ ನನ್ನ ಕಳ್ಳಿ ಮಾಡೀರಿ, ಅವರ ಮುಂದ ಹೇಳ್ರಿ."

ಸಂಜೆ ಪಾಟೀಲರ ಮನೆಯಲ್ಲಿ ಕೈಕಟ್ಟಿ ನಿಂತೆ. "ಈಕಿದೇನೂ ತಪ್ಪಿಲ್ರಿ. ಎಲ್ಲಾ ಸೈಟಿಂದ ಆಗಿದ್ದು. ಎರಡು ವರ್ಷ ಒಂದ ಸೈಟ್ ಹಿಡಕೊಂಡು ಕುಂತಿದ್ದೆ."

ರಕ್ಷಣಾ ಕಾರ್ಖಾನೆಯ ನೌಕರಿ ಮುಗಿಯುವುದರೊಳಗೆ ಮನೆ ಕಟ್ಟುವ ತವಕದಲ್ಲಿದ್ದ ಪಾಟೀಲರು ಕುರ್ಚಿಯಿಂದ ಎದ್ದೇಬಿಟ್ಟರು. "ಎರಡು ವರ್ಷದಿಂದ ಸೈಟ್ ಹಿಡದೀರಿ, ನಮಗೊಂದು ಮಾತು ಹೇಳಿಲ್ಲಲ್ರಿ! ಎಲ್ಲೈತಿ? ರೇಟ್ ಹೆಂಗ?"

ನಾನು ಬಾಯಿ ತೆರೆಯುವ ಮೊದಲೇ ಶಾಂತಾಬಾಯಿ ಹೇಳಿದಳು. "ಹೊಕ್ಕಳದ ಬಾಜೂಕ ಐತ್ರಿ ಅಣ್ಣಾರ. ನಡುವ ಗುಡ್ಡ ಎದ್ದೈತಿ, ನೀರು ಇಂಗಂಗಿಲ್ಲ. ತಗೋಬ್ಯಾಡ್ರಿ!"

ಪಾಟೀಲರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಶಾಂತಾಬಾಯಿಯೂ ನಕ್ಕಳು. ಸಿಂಧನೂರು ಬಸ್ ತಪ್ಪಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಪಾಟೀಲರು, "ತೋರಸ್ರಿ ನೋಡೂಣು" ಎಂದು ನನ್ನ ಅಂಗಿಗೆ ಕೈ ಹಾಕಿದರು. ಸುದ್ದಿ ಹಬ್ಬಿ, ಕತ್ತಲಾಗುವುದರೊಳಗೆ ಓಣಿಯ ನಾಲ್ಕು ಮನೆಯವರು ಬಂದು ಸೈಟ್ ನೋಡಿಕೊಂಡು ಹೋದರು.

ಯಾರಿಗೂ ಪಸಂದಾಗಲಿಲ್ಲ.