ಐದು ನಿಮಿಷದ ಹೇಳಿಕೆ ಪಟ್ಟಿ

ಯಾರಾದರೂ ಗಟ್ಟಿ ಸ್ವರದಲ್ಲಿ ಹೇಳಿದರೆ ನಾನು ಆ ಕೆಲಸ ಕೂಡಲೇ ಮಾಡಿಬಿಡುತ್ತೇನೆ. ಮೆಲ್ಲಗೆ ಹೇಳಿದರೆ, ಆಗಲಿ, ನಾಳೆ ನೋಡುವ ಎನ್ನುತ್ತೇನೆ. ಇದು ಒಳ್ಳೆಯ ಗುಣವಲ್ಲವೆಂದು ನನಗೂ ಗೊತ್ತು. ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದಷ್ಟು ಕಾಲವೂ ಮೇಜು ಕುಟ್ಟಿದವರ ಮಕ್ಕಳ ಟಿ.ಸಿ.ಯನ್ನು ಮೊದಲು ಬರೆದುಕೊಟ್ಟೆ, ಬಾಗಿಲ ಬಳಿ ಕೈಕಟ್ಟಿ ನಿಂತವರಿಗೆ ಮಧ್ಯಾಹ್ನದ ಮೇಲೆ ಬನ್ನಿ ಎಂದೆ. ನಿವೃತ್ತನಾಗಿ ಬೆಟ್ಟಂಪಾಡಿಯ ಮನೆಯಲ್ಲಿ ಕುಳಿತ ಮೇಲೆ ನನ್ನನ್ನು ಗದರಿಸಲು ಹೆಂಡತಿ ಶಾರದೆ ಒಬ್ಬಳೇ ಉಳಿದಳು. ಅವಳಿಗೂ ಪುರುಸೊತ್ತು ಕಡಿಮೆ. ಆ ಕೊರತೆ ನೀಗಲೆಂದೇ ಮಗಳು ಸುಮನ ಮನೆಗೆ ಕಂಪ್ಯೂಟರ್ ತಂದಳೋ ಏನೋ.

ಸುಮನಳಿಗೆ ಮದುವೆ ನಿಶ್ಚಯವಾದಾಗ ನಾನು ಆ ಕಂಪ್ಯೂಟರಿನಲ್ಲಿ ಮಾಡಿದ ಮೊದಲ ಘನಕಾರ್ಯ ಹೇಳಿಕೆಯ ಪಟ್ಟಿ. ನಮ್ಮ ಕಡೆ ಮದುವೆಯ ಕಾಗದ ಅಚ್ಚು ಹಾಕಿಸಿದರೆ ಸಾಲದು. ಮನೆಮನೆಗೆ ಹೋಗಿ, ಕೂತು, ಕೊಟ್ಟ ಬೆಲ್ಲ ನೀರು ಕುಡಿದು, ಎಲ್ಲರೂ ಬರಬೇಕು ಎಂದು ಬಾಯಿಬಿಟ್ಟು ಹೇಳಬೇಕು. ಅದೇ ಹೇಳಿಕೆ. ಹೇಳಿಕೆ ಇಲ್ಲದೆ ಮರ್ಯಾದಸ್ಥರು ಮದುವೆಗೆ ಬರುವುದಿಲ್ಲ, ಬಿಟ್ಟುಹೋದ ಮನೆಯವರು ಅದನ್ನು ಮೊಮ್ಮಕ್ಕಳ ಕಾಲದವರೆಗೂ ಮರೆಯುವುದಿಲ್ಲ. ಸುಳ್ಯದ ನನ್ನ ಭಾವನಿಗೆ ಯಾರೋ ಒಮ್ಮೆ ವಾಟ್ಸಾಪಿನಲ್ಲಿ ಕಾಗದ ಕಳಿಸಿದ್ದರು. ಭಾವ ಮದುವೆಯ ದಿನ ಸಭಾಭವನದ ಎದುರಿಗೇ ಕಾರು ನಿಲ್ಲಿಸಿ, ಒಳಗೆ ಹೋಗದೆ, ತಾನು ಈ ಮದುವೆಗೆ ಬಂದಿಲ್ಲವೆಂದು ಸಿಕ್ಕಿದವರಿಗೆಲ್ಲ ತಿಳಿಸಿದರು. ಇಂಥವರಿರುವಾಗ ಪಟ್ಟಿಯಲ್ಲಿ ಒಂದು ಮನೆಯೂ ತಪ್ಪಬಾರದು. ಹದಿನೈದು ದಿನ ಕೂತು, ಶಾರದೆಯನ್ನು ಕೇಳಿ ಕೇಳಿ, ಪುತ್ತೂರಿನಿಂದ ಕೊಯಿಲದವರೆಗಿನ ಮುನ್ನೂರು ಚಿಲ್ಲರೆ ಮನೆಗಳನ್ನು ಅದರಲ್ಲಿ ಒಟ್ಟು ಮಾಡಿದ್ದೆ. ಬೇರೆಲ್ಲೂ ಪ್ರತಿ ಇರಲಿಲ್ಲ.

ಒಂದು ದಿನ ಬೆಳಗ್ಗೆ ಕಾಫಿ ಕುಡಿದು ಲಗ್ನಪತ್ರಿಕೆಯ ಮಾದರಿ ಹುಡುಕುತ್ತ ಇಂಟರ್ನೆಟ್ಟಿಗೆ ಹೋದೆ. ಒಂದು ಪುಟದಲ್ಲಿ 'ಡೌನ್‌ಲೋಡ್' ಎಂಬ ಹಸಿರು ಗುಂಡಿಗಳು ಐದು ಇದ್ದವು. ಎಲ್ಲಕ್ಕಿಂತ ದೊಡ್ಡದನ್ನು ಒತ್ತಿದೆ. ನನ್ನ ಸ್ವಭಾವಕ್ಕೆ ಅದು ಸರಿಯಾಗಿಯೇ ಇತ್ತು. ಪರದೆ ಕೆಂಪಾಯಿತು. ಕೊಂಯ್ ಕೊಂಯ್ ಎಂದು ಶಬ್ದ ಹೊರಟಿತು. ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಬೈಯತೊಡಗಿದಳು. ನಿಮ್ಮ ಕಂಪ್ಯೂಟರಿಗೆ ವೈರಸ್ ಹೊಕ್ಕಿದೆ, ಐದು ನಿಮಿಷದಲ್ಲಿ ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಈ ನಂಬರಿಗೆ ಕೂಡಲೇ ಫೋನ್ ಮಾಡಿ ಎಂದು ಅವಳ ಮಾತಿನ ಸಾರಾಂಶ. ಕೆಳಗೆ ಒಂದು ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ನಾನು ಫೋನ್ ಮಾಡಲಿಲ್ಲ. ಅದು ಜಾಣತನವೆಂದು ಯಾರೂ ತಿಳಿಯಬೇಡಿ, ಅವಳ ಹತ್ತಿರ ಇಂಗ್ಲಿಷ್ ಮಾತಾಡಲು ನನಗೆ ಧೈರ್ಯವಿರಲಿಲ್ಲ.

ಪುಣ್ಯಕ್ಕೆ ಪಟ್ಟಿ ಪಕ್ಕದಲ್ಲೇ ಇನ್ನೊಂದು ಕಿಟಕಿಯಲ್ಲಿ ತೆರೆದಿತ್ತು. ಶಾರದೆಯನ್ನು ಕರೆದು, ಜಂಕ್ಷನ್ನಿನಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿರುವ ನಳಿನಿಗೆ ಫೋನ್ ಮಾಡಲು ಹೇಳಿದೆ. ನಳಿನಿ ನಮ್ಮ ಶಾಲೆಯಲ್ಲೇ ಕಲಿತವಳು, ತಾಯಿಯೊಂದಿಗೆ ನಮ್ಮ ಮನೆಯ ಕೆಳಗಿನ ರಸ್ತೆಯಲ್ಲೇ ಇದ್ದಾಳೆ. ಅವಳು ಬರುವವರೆಗೆ ಉಳಿಸಬಹುದಾದಷ್ಟು ಮನೆಗಳನ್ನು ಉಳಿಸಬೇಕೆಂದು ಕಾಗದ ಪೆನ್ನು ಹಿಡಿದೆ. ಐದು ನಿಮಿಷದಲ್ಲಿ ಮುನ್ನೂರು ಮನೆ ಬರೆಯಲಾಗದು. ಮೊದಲು ಯಾರು? ಯೋಚಿಸಲು ಹೊತ್ತೇ ಹಿಡಿಯಲಿಲ್ಲ. ಸಿಟ್ಟು ಮಾಡುವವರು ಮೊದಲು. ಸುಳ್ಯದ ಭಾವನಿಂದ ಹಿಡಿದು ಸಿಡುಕರನ್ನೆಲ್ಲ ಬರೆದು ಮುಗಿಸುವಾಗ ಗಡಿಯಾರ ಸೊನ್ನೆಗೆ ಬಂತು. ಕಣ್ಣು ಮುಚ್ಚಿದೆ. ತೆರೆದರೆ ಗಡಿಯಾರ ಪುನಃ ಐದರಿಂದ ಓಡುತ್ತಿತ್ತು. ಪುಣ್ಯಾತ್ಗಿತ್ತಿ ಇನ್ನೈದು ನಿಮಿಷ ಕೊಟ್ಟಳಲ್ಲ ಎಂದು ಮನಸ್ಸಿನಲ್ಲೇ ಕೈಮುಗಿದು, ಎದುರು ಸಿಟ್ಟು ಮಾಡದೆ ಹಿಂದಿನಿಂದ ಆಡುವವರನ್ನು ಬರೆದೆ. ಎಂತ ಮಾಡಿದರೂ ಸಿಟ್ಟು ಬಾರದವರು ಮಾತ್ರ ಉಳಿದರು. ಅಷ್ಟರಲ್ಲಿ ನಳಿನಿ ಅಂಗಡಿಗೆ ಬೀಗ ಹಾಕಿ ಓಡಿ ಬಂದಳು.

ಅವಳು ಎರಡು ಗುಂಡಿ ಒತ್ತಿದಳು, ಬೈಯುತ್ತಿದ್ದ ಹೆಂಗಸು ತಣ್ಣಗಾದಳು. "ಇದು ಮೋಸದ ಜಾಹೀರಾತು ಸರ್. ನಿಮ್ಮ ಪಟ್ಟಿಗೆ ಎಂತ ಸಹ ಆಗ್ಲಿಲ್ಲ" ಎಂದು ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಜಾರಿಸಿ ತೋರಿಸಿದಳು. ಒಂದು ಕಡೆ ನಿಲ್ಲಿಸಿ ನಕ್ಕಳು. "ನಮ್ಮ ಮನೆ ಸಹ ಉಂಟಲ್ಲ ಇದ್ರಲ್ಲಿ."

"ಅದೆಂತ ಕೇಳುದು ಮಾರಾಯ್ತಿ, ಬಂದೇ ಹೇಳ್ತೇನೆ" ಎಂದೆ.

ಅವಳು ಹೋದ ಮೇಲೆ ಕಂಪ್ಯೂಟರನ್ನು ಆರಿಸಿ ಹಳೆಯ ಬೆಡ್‌ಶೀಟ್ ಹೊದೆಸಿದೆ. ಒಮ್ಮೆ ನಮ್ಮನ್ನು ಹೆದರಿಸಿದ್ದನ್ನು ಮತ್ತೆ ನಂಬುವುದು ಹೇಗೆ? ಹೇಳಿಕೆಗೆ ಹೊರಟದ್ದು ಕೈಬರಹದ ಪಟ್ಟಿ ಹಿಡಿದೇ. ಉಳಿದವರನ್ನು ಹೇಗೂ ನೆನಪಿದೆಯೆಂದು ನೆನಪಿನಿಂದಲೇ ಕಾಗದದ ಹಿಂಬದಿಗೆ ಬರೆದುಕೊಂಡೆ. ಪುತ್ತೂರಿನಲ್ಲಿ ಮದುವೆ ಚೆನ್ನಾಗಿ ಆಯಿತು. ಸುಳ್ಯದ ಭಾವ ಎದುರಿನ ಸಾಲಿನಲ್ಲೇ ಕೂತರು, ಹೋಳಿಗೆ ಮಾತ್ರ ಸ್ವಲ್ಪ ಗಟ್ಟಿಯಾಯಿತೆಂದರು. ಸಿಡುಕರಲ್ಲಿ ಒಬ್ಬರೂ ತಪ್ಪಿರಲಿಲ್ಲ. ನಾನು ಗೆದ್ದೆ ಎಂದುಕೊಂಡೆ.

ವಾರ ಕಳೆದು ಫೋಟೋ ನೋಡುವಾಗ ಶಾರದೆ, ನಳಿನಿ ಮತ್ತು ಅವಳ ಅಮ್ಮ ಒಂದರಲ್ಲೂ ಕಾಣುವುದಿಲ್ಲವಲ್ಲ, ಹೇಳಿದ್ದೀರಲ್ಲ ಎಂದು ಕೇಳಿದಳು. ನಾನು ಪಟ್ಟಿಯ ಎರಡೂ ಬದಿ ನೋಡಿದೆ. ಇರಲಿಲ್ಲ. ದಿನಾ ಆ ಮನೆಯ ಎದುರಿನಿಂದಲೇ ಹೇಳಿಕೆಗೆ ಹೋಗಿ ಬಂದವನು ನಾನು.

ಅಂದೇ ಅವರ ಮನೆಗೆ ಹೋದೆ. ದಾರಿಯುದ್ದಕ್ಕೂ ಬೈಗುಳಕ್ಕೆ ತಕ್ಕ ಉತ್ತರಗಳನ್ನು ಹೊಂದಿಸುತ್ತ ಹೋದೆ, ಅದು ನನಗೆ ರೂಢಿಯ ಕೆಲಸ. ನಳಿನಿಯ ಅಮ್ಮ ಬೆಲ್ಲ ನೀರು ತಂದಿಟ್ಟರು. ತಪ್ಪಾಯಿತು ಎಂದೆ. "ತಪ್ಪೆಂತ, ಮದುವೆ ಮನೆಯಲ್ಲಿ ಗಡಿಬಿಡಿ ಇದ್ದದ್ದೇ" ಎಂದರು. ಮತ್ತೆ ಮಾಮೂಲಿ ಮಾತಾಡಿದ ಹಾಗೆ, "ಎರಡು ಆದಿತ್ಯವಾರ ಇವಳು ಎಲ್ಲಿಗೂ ಹೋಗ್ಲಿಲ್ಲ. ಸರ್ ಬರುವಾಗ ಮನೆಯಲ್ಲಿ ಇರ್ಬೇಕಲ್ಲ ಅಂತ" ಎಂದರು. ನಳಿನಿ, ಅದೆಲ್ಲ ಎಂತಕ್ಕೆ ಈಗ ಎಂದು ಅಮ್ಮನನ್ನು ತಡೆದು ನನ್ನ ಕಡೆ ತಿರುಗಿದಳು. "ಕಂಪ್ಯೂಟರ್ ಸರಿ ಉಂಟಲ್ಲ ಸರ್?"

ಉಂಟು ಎಂದೆ, ಬೆಡ್‌ಶೀಟ್ ಹೊದೆಸಿಟ್ಟದ್ದನ್ನು ಮಾತ್ರ ಹೇಳಲಿಲ್ಲ. ನಾಚಿಕೆಯಾಯಿತು. ಬೆಲ್ಲ ನೀರು ಕುಡಿದು ಎದ್ದು ಬಂದೆ.

ಬರುವ ತಿಂಗಳು ನಮ್ಮಲ್ಲಿ ಸತ್ಯನಾರಾಯಣ ಪೂಜೆ ಇದೆ. ನಿನ್ನೆ ಹೊಸ ಪಟ್ಟಿಗೆ ಕೂತವನು ಸುಳ್ಯದ ಭಾವನ ಹೆಸರಿಗಿಂತಲೂ ಮೇಲೆ, ಸಿಟ್ಟು ಮಾಡುವವರ ಸಾಲಿನ ತುದಿಯಲ್ಲಿ, ದುಂಡಗೆ ನಳಿನಿಯ ಹೆಸರು ಬರೆದೆ. ಅವಳಿಗೆ ಯಾವಾಗ ಸಿಟ್ಟು ಬಂತು ಎಂದು ಶಾರದೆ ಕೇಳಿದಳು. ಬರಲಿಲ್ಲ, ಬರಬೇಕಿತ್ತು ಎಂದೆ. ಮೊದಲ ಹೇಳಿಕೆ ಅಲ್ಲಿಗೇ ಎಂದು ಎದ್ದು ಚಪ್ಪಲಿ ಹಾಕಿಕೊಂಡೆ. ಅಷ್ಟರಲ್ಲಿ ಸುಳ್ಯದಿಂದ ಫೋನ್ ಬಂತು. ಪೂಜೆಯ ಸುದ್ದಿ ಯಾರೋ ಹೇಳಿದರು, ನೀವು ಹೇಳಲಿಲ್ಲ ಎಂದು ಭಾವ ಗಟ್ಟಿಯಾಗಿಯೇ ಶುರುಮಾಡಿದರು. ಕೂಡಲೇ ಸುಳ್ಯದ ಬಸ್ಸು ಹಿಡಿದೆ. ನಳಿನಿಯ ಮನೆಗೆ ನಾಳೆ ಹೋದರಾಯಿತು, ಅವಳೇನೂ ಸಿಟ್ಟು ಮಾಡುವವಳಲ್ಲ.