ಪರಸಪ್ಪನ ಹೊಟ್ಟೆಯ ಸಾಕ್ಷಿ

“ಇವತ್ತಿನಿಂದ ನಿನ್ನ ಹೊಟ್ಟಿ ಖರೇ ಖರೇ ಮಾತಾಡತೈತಿ, ಪರಸಣ್ಣ!” ಎಂದು ಬಡಿಗೇರ ಮಾಸ್ತರು ಪಟ್ಟಿಯ ಬಕ್ಕಲ್ಲನ್ನು ಕಟಕ್ಕನೆ ಹಾಕಿದರು.

“ಹೊಟ್ಟಿ ಯಾವಾಗ ಸುಳ್ಳು ಹೇಳೇತ್ರಿ ಮಾಸ್ತರ? ಹೇಳಿದ್ದೆಲ್ಲಾ ಬಾಯಿ,” ಎಂದ ಪರಸಪ್ಪ, ಉಸಿರು ಬಿಗಿಹಿಡಿದು.

ಬಡಿಗೇರ ಮಾಸ್ತರು ಐಟಿಐಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು, ಗದಗಿನಲ್ಲಿ ಪರಸಪ್ಪನ ಪಕ್ಕದ ಮನೆಯವರು. ಯಂತ್ರ ಮಾಡುವ ಹುಚ್ಚು. ಹಿಂದಿನ ವರ್ಷ ಅವರು ಮಾಡಿದ ರೊಟ್ಟಿ ಬಡಿಯುವ ಯಂತ್ರ ಒಂದೇ ಒಂದು ರೊಟ್ಟಿ ಬಡಿದಿತ್ತು. ಆ ಬಡಿತಕ್ಕೆ ಓಣಿಯ ಮೂರು ಮನೆಗಳ ಹೆಂಚು ಉದುರಿದವು. ಈ ಸಲದ್ದು ಹೊಟ್ಟೆಗೆ ಕಟ್ಟುವ ಪಟ್ಟಿ. ನಮ್ಮ ಕರುಳಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಇರುತ್ತವಲ್ಲ, ಅವು ಬಿಡುವ ಗ್ಯಾಸನ್ನು ಮೂಸಿ ನೋಡಿ, ಅವಕ್ಕೆ ಏನು ಬೇಕು, ಏನು ಬೇಡ ಎನ್ನುವುದನ್ನು ಮಾತಿಗೆ ತಿರುಗಿಸುವ ಯಂತ್ರ. ತರಕಾರಿ ಗಾಡಿಯ ಸ್ಪೀಕರ್ ಒಂದು ಪರಸಪ್ಪನ ಎದೆಯ ಮೇಲೆ ತೂಗಾಡುತ್ತಿತ್ತು.

“ದನಿ ಯಾರದ್ರಿ?”

“ಬಸ್ ಸ್ಟ್ಯಾಂಡಿನ್ಯಾಗ ಮೈಕಿನ್ಯಾಗ ಹೇಳತಾಳಲ್ಲ, ಆಕೀದು! ಕಂಡಕ್ಟರ್ ಇದ್ದಾಂವ, ನಿನಗ ರೂಢಿ ಇರತೈತಿ.”

ಪರಸಪ್ಪ ನಗಲಿಲ್ಲ. ಈ ಯಂತ್ರದಿಂದ ಅವನಿಗೆ ಆಗಬೇಕಾದದ್ದು ಒಂದೇ ಒಂದು ಕೆಲಸ. ಹೆಂಡತಿ ಕಸ್ತೂರೆವ್ವ ಮನೆಗೆ ಬರಬೇಕು.

ಆಗಿದ್ದು ಇಷ್ಟು. ಹೋದ ವರ್ಷ ಪರಸಪ್ಪನಿಗೆ ಎದೆ ಹಿಡಿದು, ರಕ್ತನಾಳಕ್ಕೆ ಸ್ಪ್ರಿಂಗ್ ಹಾಕಿದ್ದರು. ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ತಿಳಿಹೇಳಿದ್ದರು: ಮಟನ್ ತಿಂದರೆ ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಅದರಿಂದ ಒಂದು ಪದಾರ್ಥ ಮಾಡುತ್ತವೆ, ಲಿವರ್ ಅದನ್ನು ಇನ್ನೊಂದಾಗಿ ಬದಲಿಸುತ್ತದೆ, ಅದು ರಕ್ತನಾಳ ಕಟ್ಟಿಕೊಳ್ಳುವುದಕ್ಕೆ ದಾರಿ ಮಾಡುತ್ತದೆ. ಸೊಪ್ಪು, ಕಾಳು, ಜೋಳ ತಿಂದರೆ ಬೇರೆ ಜಾತಿಯ ಬ್ಯಾಕ್ಟೀರಿಯಾ ಬೆಳೆದು ಹೃದಯ ಕಾಯುತ್ತವೆ. ಕಸ್ತೂರೆವ್ವ ಅಂದಿನಿಂದ ಮೆಂತ್ಯಪಲ್ಯ, ಮಡಕಿಕಾಳು ಬಿಟ್ಟು ಬೇರೆ ಮಾಡಲಿಲ್ಲ. ಪರಸಪ್ಪನೋ, ಪಿಂಚಣಿ ಆಫೀಸಿಗೆ ಹೋಗುತ್ತೇನೆಂದು ಹೇಳಿ ಖಾನಾವಳಿಯಲ್ಲಿ ಮಟನ್ ಖೈಮಾ ಉಂಡಿ ತಿಂದು ಬರುತ್ತಿದ್ದ. ಹನ್ನೊಂದು ಸಲ ಸುಳ್ಳು ಹೇಳಿದ. ಹನ್ನೊಂದನೆಯ ಸಲ ಅಂಗಿಯ ತೋಳಿನ ಮೇಲೆ ಕೆಂಪು ಎಣ್ಣೆಯ ಕಲೆ ಇತ್ತು.

“ನೀವು ಸಾಯೂದನ್ನ ಕಣ್ಣಾರೆ ನೋಡಕೋಂತ ನಾ ಇಲ್ಲಿ ಕೂಡೂದಿಲ್ಲ,” ಎಂದು ಕಸ್ತೂರೆವ್ವ ಗಜೇಂದ್ರಗಡದ ತವರಿಗೆ ಹೋದಳು. ಅದಕ್ಕೆ ಈಗ ನಾಲ್ಕು ತಿಂಗಳು.

ಅವಳು ಹೋದ ದಿನದಿಂದ ಪರಸಪ್ಪ ಮಟನ್ ಮುಟ್ಟಿಲ್ಲ. ಆದರೆ ಫೋನಿನಲ್ಲಿ ಹೇಳಿದರೆ ನಂಬುವವರು ಯಾರು? ಮುಂಜಾನೆ ಓಣಿಯ ಮನೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುವಾಗ ತನ್ನ ಮನೆ ಮಾತ್ರ ಸುಮ್ಮನಿರುವುದು ಅವನಿಗೆ ತಡೆಯಲಾಗುತ್ತಿರಲಿಲ್ಲ. ತಾನೇ ಬಡಿಯಲು ಹೋಗಿ, ಹರಿದ ರೊಟ್ಟಿಯನ್ನು ಹಾಲಿಗೆ ಹಾಕಿಕೊಂಡು ಉಣ್ಣುತ್ತಿದ್ದ. ಅವಳು ಬೈಯುತ್ತಿದ್ದ ಬೈಗುಳಗಳೂ ಈಗ ಬೇಕೆನಿಸುತ್ತಿದ್ದವು.

“ಚಾಲೂ ಮಾಡ್ಲೇನು?” ಎಂದು ಮಾಸ್ತರು ಗುಂಡಿ ಒತ್ತಿದರು.

ಟಿಂಗ್ ಟಾಂಗ್! “ಪ್ರಯಾಣಿಕರ ಗಮನಕ್ಕೆ! ಖೈಮಾ ಉಂಡಿ ಎಲ್ಲಿದ್ದರೂ ಕೂಡಲೇ ಅಂಕಣ ಒಂದಕ್ಕೆ ಬರತಕ್ಕದ್ದು! ಖೈಮಾ ಉಂಡಿ!”

ಪರಸಪ್ಪನ ಮುಖ ಬಿಳಿಚಿತು. “ಮಾಸ್ತರ! ನಾ ತಿಂದಿಲ್ರಿ! ನಿಮ್ಮಾಣಿಗೂ ತಿಂದಿಲ್ಲ!”

“ತಿಂದಿಲ್ಲಂತನ ಒದರಾಕತ್ತಾವೋ! ಸೊಪ್ಪು ತಿನ್ನೂವೆಲ್ಲಾ ಹೊಟ್ಟಿ ತುಂಬಾ ಉಂಡು ತೆಪ್ಪಗ ಮಲಗ್ಯಾವ. ಮಟನ್ ತಿನ್ನೂವು ಉಪಾಸ ಬಿದ್ದಾವ. ಹಸದವು ಒದರತಾವ. ಇದ ದೊಡ್ಡ ಸಾಕ್ಷಿ!”

“ಕಸ್ತೂರಿ ಮುಂದ ಹಿಂಗ ಒದರಿದ್ರ, ಸಾಕ್ಷಿ ಬಿಚ್ಚಿ ಹೇಳೂದ್ರಾಗ ನನ್ನ ಕಥಿ ಮುಗದಿರತೈತಿ!”

“ನಾನೂ ಬರ್ತೀನಿ, ನಾ ಹೇಳ್ತೀನಿ,” ಎಂದು ಮಾಸ್ತರು ಚಪ್ಪಲಿ ಮೆಟ್ಟಿಕೊಂಡರು. ದಾರಿಯಲ್ಲಿ ಸಣ್ಣ ದನಿಗಳೂ ಕೇಳಲಿ ಎಂದು ಯಂತ್ರದ ಒಂದು ತಿರುಪನ್ನು ಬಿಗಿ ಮಾಡಿದರು. ಅಲ್ಲಿಗೆ ಕೆಲಸ ಕೆಟ್ಟಿತು.

ಗಜೇಂದ್ರಗಡದ ಬಸ್ಸು ಊರು ದಾಟುವಷ್ಟರಲ್ಲಿ ಯಂತ್ರ ಪರಸಪ್ಪನ ಹೊಟ್ಟೆಯನ್ನು ಬಿಟ್ಟು ಅಕ್ಕಪಕ್ಕದವರ ಹೊಟ್ಟೆಗೆ ಕಿವಿಗೊಟ್ಟಿತು. ಮುಂದಿನ ಸೀಟಿನಲ್ಲಿ ಶ್ರಾವಣದ ಉಪವಾಸವೆಂದು ಎಲ್ಲರಿಗೂ ಹೇಳುತ್ತ ಕೂತಿದ್ದ ಹಿರಿಯರೊಬ್ಬರಿದ್ದರು.

“ಪ್ರಯಾಣಿಕರ ಗಮನಕ್ಕೆ! ಮುಂಜಾನೆಯ ಆಮ್ಲೆಟ್ ಸೊಗಸಾಗಿತ್ತು. ಇನ್ನೊಂದು ಬರಲಿ!”

ಹಿರಿಯರ ಹೆಂಡತಿ ಮೆಲ್ಲಗೆ ಗಂಡನ ಕಡೆ ತಿರುಗಿದಳು. “ಏನಂತ್ರೀ ಅದು?”

“ನಂದಲ್ಲ! ಹಿಂದಿನ ಸೀಟಿನಾಂವಂದು!”

“ನಂದು ಖೈಮಾರಿ! ಆಮ್ಲೆಟ್ ನಂದಲ್ಲ!” ಎಂದು ಪರಸಪ್ಪ ಕೂಗಿದ.

ಬೈದಾಟ ಜೋರಾಗುವಷ್ಟರಲ್ಲಿ ಡ್ರೈವರನ ಹೊಟ್ಟೆ ಬಾಯಿಬಿಟ್ಟಿತು. “ಚಾಲಕರ ಗಮನಕ್ಕೆ! ನರೇಗಲ್ಲಿನಲ್ಲಿ ಬಿಸಿ ಮಿರ್ಚಿ ಕರಿಯುತ್ತಿದ್ದಾರೆ!” ನರೇಗಲ್ಲಿನಲ್ಲಿ ಬಸ್ಸು ನಿಂತಿತು. ಮಿರ್ಚಿಯ ಹೆಸರು ಕಿವಿಗೆ ಬಿದ್ದದ್ದೇ ತಡ, ನಲವತ್ತು ಹೊಟ್ಟೆಗಳು ಒಟ್ಟಿಗೆ ಬೇಡಿಕೆ ಇಟ್ಟವು. ಇಡೀ ಬಸ್ಸು ಇಳಿದು ಅಂಗಡಿಗೆ ನುಗ್ಗಿತು. ಕಂಡಕ್ಟರ್ ಸೀಟಿ ಊದಿ ಊದಿ ಸುಸ್ತಾಗಿ, ತಾನೂ ಎರಡು ಮಿರ್ಚಿ ಹಿಡಿದು ನಿಂತ. ಮಾಸ್ತರು ನಾಲ್ಕು ತಿಂದರು, ವಿಜ್ಞಾನಕ್ಕಾಗಿ.

ಬಸ್ಸಿನಲ್ಲಿ ಉಳಿದವನು ಪರಸಪ್ಪ ಒಬ್ಬನೇ. ಕರಿದ ವಾಸನೆ ಕಿಟಕಿಯಿಂದ ಬಂತು. ಬಾಯಲ್ಲಿ ನೀರೂರಿತು. ಆದರೆ ಅವನ ಕಣ್ಣು ರಸ್ತೆಯ ಮೇಲಿತ್ತು. ಇನ್ನೊಂದು ತಾಸಿನಲ್ಲಿ ಅವಳ ಮುಖ ನೋಡುತ್ತೇನೆ ಎನ್ನುವುದೊಂದೇ ಅವನ ತಲೆಯಲ್ಲಿತ್ತು, ಮೊದಲ ಮಾತು ಏನಾಡಬೇಕೆಂದು ಹೊಳೆಯುತ್ತಿರಲಿಲ್ಲ.

ಗಜೇಂದ್ರಗಡದಲ್ಲಿ ಬಸ್ಸಿಳಿದ ಮೇಲೆ ಮಾಸ್ತರು ತಿರುಪನ್ನು ತುಸು ಸಡಿಲಿಸಿದರು, ಯಂತ್ರ ಮತ್ತೆ ಪರಸಪ್ಪನ ಹೊಟ್ಟೆಗೇ ಬಂತು. ಕಸ್ತೂರೆವ್ವ ಅಣ್ಣನ ಮನೆಯ ಕಟ್ಟೆಯ ಮೇಲೆ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ತುಸು ಸೊರಗಿದ್ದಳು. ಪರಸಪ್ಪ ಕಟ್ಟೆಯ ಹತ್ತಿರ ಹೋದ.

“ಆರಾಮ ಇದ್ದೀ?” ಎಂದ.

“ಇದ್ದೀನಿ. ಇದೇನ್ರೀ ಎದಿ ಮ್ಯಾಲೆ?”

“ಸಾಕ್ಷಿ ತಂದೀನಿ. ನಾಲ್ಕ ತಿಂಗಳಾತು, ನಾ ಮಟನ್...”

“ಖೈಮಾ ಉಂಡಿ! ಖೈಮಾ ಉಂಡಿ ಎಲ್ಲಿದ್ದರೂ ಅಂಕಣ ಒಂದಕ್ಕೆ!”

ಮೊರ ಕೆಳಗಿಳಿಯಿತು. “ಭಾಳ ಛಲೋ ಸಾಕ್ಷಿ ತಂದೀರಿ! ಹೇಳಾಕ ಬಾಯಿ ಸಾಲಲಿಲ್ಲಂತ ಈಗ ಸ್ಪೀಕರ್ ಕಟಗೊಂಡು ಬಂದೀರಿ!”

ಮಾಸ್ತರು ಕೈ ಆಡಿಸುತ್ತ ಹಸಿದವು, ಮಲಗಿದವು ಎಂದೆಲ್ಲ ವಿವರಿಸಿದರು. ಕಸ್ತೂರೆವ್ವ ಒಂದು ಮಾತೂ ನಂಬಲಿಲ್ಲ. ಪರಸಪ್ಪನಿಗೆ ಸಾಕಾಗಿ ಹೋಯಿತು. ಕಟ್ಟೆಯ ತುದಿಯಲ್ಲಿ ಕುಕ್ಕರಿಸಿದ.

“ಕಸ್ತೂರಿ, ಹನ್ನೊಂದ ಸಲ ಸುಳ್ಳ ಹೇಳೀನಿ, ಖರೆ. ಮಟನ್ ಬಿಟ್ಟಿದ್ದೇನೂ ದೊಡ್ಡದಲ್ಲ, ಅದು ಎರಡ ವಾರದಾಗ ಮರತ ಹೋತು. ನೀ ಇಲ್ಲದ್ದು ಮರ್ಯಾಕ ಆಗವಲ್ದು. ತಾಟಿನ ಮುಂದ ಕುಂತ್ರ ತುತ್ತ ಇಳಿಯೂದಿಲ್ಲ.”

ಖೈಮಾದ ಕೂಗು ಸಣ್ಣಗಾಯಿತು. ಅದರ ಹಿಂದಿನಿಂದ ಬೇರೊಂದು ಪ್ರಕಟಣೆ ಕೇಳಿಸಿತು.

“ಪ್ರಯಾಣಿಕರ ಗಮನಕ್ಕೆ. ನಮ್ಮ ಕಡೆಯವರು ನಾಲ್ಕು ತಿಂಗಳಿಂದ ಬಂದಿಲ್ಲ. ನಾವು ಇಲ್ಲೇ ಕಾಯುತ್ತಿದ್ದೇವೆ.”

“ಇವ್ಯಾವುವ್ರಿ?” ಎಂದಳು ಕಸ್ತೂರೆವ್ವ, ದನಿ ತಗ್ಗಿಸಿ.

ಮಾಸ್ತರು ತಲೆ ಕೆರೆದುಕೊಂಡರು. “ಒಂದ ಮನ್ಯಾಗ ಇದ್ದವರ ಹೊಟ್ಟ್ಯಾಗಿನೂವು ಅತ್ತಿಂದಿತ್ತ ಹೋಗಕೋತ ಬರಕೋತ ಇರತಾವ ತಂಗಿ. ನೀವಂತೂ ಮೂವತ್ತೊಂದ ವರ್ಷ ಅವ ಉಂಡ ತಾಟಿನ್ಯಾಗ ಉಂಡವರು. ಇವಕ್ಕ ನಿಮ್ಮಲ್ಲಿನೂವು ಬೀಗರಾಗ್ಯಾವ. ಬೀಗರ ಬರವಲ್ರು ಅಂತ ಹಂಬಲಸಾಕತ್ತಾವ.”

ಕಸ್ತೂರೆವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು. “ಕೊಡ್ರಿ ಇಲ್ಲೆ ಅದನ್ನ. ನನ್ನ ಹೊಟ್ಟಿಗೆ ಯಾರ ಹಂಬಲಾನೂ ಇಲ್ಲ. ತವರಮನ್ಯಾಗ ಆರಾಮ ಐತಿ. ನೀವ ಕೇಳ್ರಿ!” ಎಂದು ಪಟ್ಟಿಯನ್ನು ತಾನೇ ಕಟ್ಟಿಕೊಂಡು ಗುಂಡಿ ಒತ್ತಿದಳು.

ಟಿಂಗ್ ಟಾಂಗ್! ಎಷ್ಟು ದೊಡ್ಡ ದನಿಯೆಂದರೆ ಎದುರುಮನೆಯ ಮಾಳಿಗೆಯ ಪಾರಿವಾಳಗಳೆಲ್ಲ ಹಾರಿದವು.

“ಗದಗಕ್ಕೆ ಹೋಗುವ ಬಸ್ಸು ಎಷ್ಟು ಗಂಟೆಗೆ? ಗದಗಕ್ಕೆ ಹೋಗುವ ಬಸ್ಸು ಯಾವ ಅಂಕಣದಲ್ಲಿದೆ? ದಯವಿಟ್ಟು ಯಾರಾದರೂ ಹೇಳಿ! ದಯವಿಟ್ಟು!”

ಕಸ್ತೂರೆವ್ವ ಮತ್ತೆ ಗುಂಡಿ ಒತ್ತಿದಳು. ನಿಲ್ಲಲಿಲ್ಲ. ಮಾಸ್ತರು ತಿರುಪು ತಿರುಗಿಸಿದರು. ಇನ್ನೂ ಜೋರಾಯಿತು! ಓಣಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಮುದುಕಿಯೊಬ್ಬಳು ಗದಗಿನ ಬಸ್ಸಿನ ಹೊತ್ತು ಕೂಗಿ ಹೇಳಿದಳು. ಮೂಲೆಯಲ್ಲಿ ನಿಂತಿದ್ದ ಆಟೋದವನು ಭರ್ರನೆ ಬಂದು ಕಟ್ಟೆಯ ಮುಂದೆಯೇ ನಿಲ್ಲಿಸಿ, “ಬಸ್ ಸ್ಟ್ಯಾಂಡಿಗೆ ಯಾರ್ರೀ?” ಎಂದ. ಕೊನೆಗೆ ಮಾಸ್ತರು ವೈರು ಕಿತ್ತು ಕೈಯಲ್ಲಿ ಹಿಡಿದುಕೊಂಡರು. ಓಣಿ ಶಾಂತವಾಯಿತು.

ಕಸ್ತೂರೆವ್ವ ಯಾರ ಮುಖವನ್ನೂ ನೋಡಲಿಲ್ಲ. “ಮಷೀನ ಕೆಟ್ಟೈತಿ,” ಎಂದಳು.

“ಕೆಟ್ಟಿಲ್ಲ ತಂಗಿ, ಅದು ಬರೋಬ್ಬರಿ...” ಎಂದು ಮಾಸ್ತರು ಬಾಯಿ ತೆರೆದರು. ಪರಸಪ್ಪ ಅವರ ಕಾಲು ತುಳಿದ.

“ಹೌದು, ಪೂರಾ ಕೆಟ್ಟೈತಿ,” ಎಂದ ಪರಸಪ್ಪ. ಕಣ್ಣು ಒರೆಸಿಕೊಂಡ.

ಕಸ್ತೂರೆವ್ವ ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ಚೀಲವಿತ್ತು. ಗಂಡನನ್ನು ದಾಟಿ ನೇರವಾಗಿ ಆಟೋದವನ ಹತ್ತಿರ ಹೋಗಿ ಕೇಳಿದಳು:

“ಏನಪ್ಪಾ, ಈ ಹೊತ್ತಿನ್ಯಾಗ ಗದಗ ಬಸ್ಸಿಗೆ ಸೀಟ ಸಿಗತಾವ? ಇವರಿಗೆ ನಿಂತ್ರ ನಡೀತೈತಿ.”