ಯುಬಿಕ್ವಿಟಿನ್ ಮಹಾಶಯರಿಗೆ, ಕೀಳದೇ ಬಿಟ್ಟ ಚೀಟಿಯ ವಿಚಾರವಾಗಿ

ಮಾನ್ಯರೇ,

ಪ್ರೋಟೀನ್ ಕುಲದಲ್ಲಿ ಗಾತ್ರಕ್ಕೆ ಕಿರಿಯರೂ ಅಧಿಕಾರಕ್ಕೆ ಹಿರಿಯರೂ ಆಗಿ, ನನ್ನ ಜೀವಕೋಶಗಳ ಮೂಲೆಮೂಲೆಯಲ್ಲೂ ಬೀಡುಬಿಟ್ಟಿರುವ ತಮಗೆ ಬಟ್ಟೆ ರಿಪೇರಿ ಅಂಗಡಿಯವಳ ನಮಸ್ಕಾರಗಳು. ಅಡ್ಡಬಿದ್ದೇ ಅರಿಕೆ ಮಾಡಿಕೊಳ್ಳುತ್ತಿದ್ದೆ. ಆದರೆ ಮಂಡಿ ಊದಿದೆ, ಬಿದ್ದರೆ ಎಬ್ಬಿಸಲು ಇಬ್ಬರು ಬೇಕು. ವಿಷಯ ನನ್ನ ಮೊಮ್ಮಗಳದ್ದು. ಅವಳ ರಕ್ತ ಪರೀಕ್ಷೆಗೆ ಹೋಗಿದೆ, ಫಲಿತಾಂಶ ಇನ್ನೂ ಬಂದಿಲ್ಲ.

ತಾವು ಬೇರೆ ಪ್ರೋಟೀನುಗಳಿಗೆ ಚೀಟಿಯಂತೆ ಅಂಟಿಕೊಳ್ಳುತ್ತೀರೆಂದೂ, ತಮ್ಮ ಸರಪಳಿ ಒಂದು ಬಗೆಯದಾದರೆ ‘ಇದನ್ನು ಕಸಕ್ಕೆ ಹಾಕಿ’ ಎಂದೂ, ಇನ್ನೊಂದು ಬಗೆಯದಾದರೆ ‘ರೋಗಾಣು ಬಂತು, ಎಲ್ಲರೂ ಏಳಿ’ ಎಂದೂ ಅರ್ಥವೆಂದು ನನ್ನನ್ನು ನೋಡುವ ಡಾಕ್ಟರಮ್ಮ ತಿಳಿಸಿದರು. ಗಲಾಟೆ ಮುಗಿದ ಮೇಲೆ ಆ ಎರಡನೆಯ ಚೀಟಿಯನ್ನು ಕೀಳಲು ಎ-ಟ್ವೆಂಟಿ ಎಂಬ ನೌಕರನಿದ್ದಾನಂತೆ. ಅವನನ್ನು ತಯಾರಿಸುವ ಜೀನಿನ ಎರಡು ಪ್ರತಿಗಳಲ್ಲಿ ನನ್ನದೊಂದು ಹುಟ್ಟಿನಿಂದಲೇ ಕೆಟ್ಟಿದೆ. ಅರ್ಧ ಕೆಲಸವಷ್ಟೇ ನಡೆಯುತ್ತದೆ. ಹೀಗಾಗಿ ಕಳ್ಳ ಓಡಿಹೋದ ಮೇಲೂ ನನ್ನ ರೋಗನಿರೋಧಕ ಪಡೆ ದೊಣ್ಣೆ ಹಿಡಿದು ಮನೆಯ ಪಾತ್ರೆಪಗಡವನ್ನೇ ಬಡಿಯುತ್ತಿದೆ. ಕೀಲೆಲ್ಲ ಊತ, ಬಾಯಿ ತುಂಬ ಹುಣ್ಣು. ತಮ್ಮನ್ನು ಬೈಯುವ ಮುಖವೂ ನನಗಿಲ್ಲ. ‘ಎರಡು ಬೆರಳು ಒಳಗೆ ಹಿಡಿ’ ಎಂದು ನಾನೇ ಚುಚ್ಚಿದ ಚೀಟಿಯನ್ನು ಕೀಳಲು ಮರೆತು, ಒಬ್ಬರ ಪ್ಯಾಂಟನ್ನು ಮತ್ತೆ ಮತ್ತೆ ಬಿಗಿ ಮಾಡಿ, ಕೊನೆಗೆ ಅದು ಅವರ ತೋಳಿಗಷ್ಟೇ ಹಿಡಿಸುವಂತಾಗಿತ್ತು.

ತಮ್ಮಿಂದ ಉಪಕಾರವೂ ಆಗಿದೆ. ಹುಣ್ಣು ಜೋರಾದಾಗ ನನಗೆ ಮಾತಾಡಲಾಗುವುದಿಲ್ಲ, ಮನೆ ತಣ್ಣಗಿರುತ್ತದೆ. ನಮ್ಮ ಯಜಮಾನರು ಡಾಕ್ಟರಮ್ಮನನ್ನು, “ಔಷಧಿಗೆ ಅಷ್ಟೇನೂ ಅವಸರ ಇಲ್ಲ ಅಲ್ವಾ?” ಎಂದು ಕೇಳಿದರು. ಮುಗಿದ ಜಗಳವನ್ನು ಮುಗಿಯಿತೆಂದು ಒಪ್ಪದ ಗುಣ ನನ್ನ ಜೀವಕೋಶಗಳಿಗೆ ಎಲ್ಲಿಂದ ಬಂತೆಂದು ಮಾತ್ರ ಮನೆಯಲ್ಲಿ ಯಾರೂ ಕೇಳಲಿಲ್ಲ.

ಈಗ ಮಗುವಿಗೂ ಬಾಯಿಹುಣ್ಣು ಶುರುವಾಗಿದೆ. ತುತ್ತಿಟ್ಟರೆ “ಅಜ್ಜಿ, ಉರೀ” ಎಂದು ಅಳುತ್ತಾಳೆ. ಅವಳಪ್ಪನಿಗೂ ಚಿಕ್ಕಂದಿನಲ್ಲಿ ಹೀಗೇ ಆಗುತ್ತಿತ್ತು. ಉಷ್ಣವೆಂದು ನೀರು ಕುಡಿಸಿ ಸುಮ್ಮನಾಗಿದ್ದೆ. ನನ್ನ ಕೆಟ್ಟ ಜೀನು ಅವನ ಮೂಲಕ ಇವಳಿಗೂ ಇಳಿದಿದೆಯೇ ಎಂದು ನೋಡಲೇ ಆ ರಕ್ತಪರೀಕ್ಷೆ. ಮಗುವಿನ ಮೂಗು ನನ್ನದು, ಹಣೆ ನನ್ನದು, ಹಟವಂತೂ ನನ್ನದೇ ಎಂದು ಬಂದವರೆದುರೆಲ್ಲ ಕೊಚ್ಚಿಕೊಂಡವಳು ನಾನು. ಸೊಸೆ ಪಾಪ, “ಒಂದು ಕಿವಿನಾದ್ರೂ ನಂದಿರ್ಲಿ ಅತ್ತೆ” ಎಂದಿದ್ದಳು. ಅದಕ್ಕೂ ನಾನು ಒಪ್ಪಿರಲಿಲ್ಲ.

ಆದ್ದರಿಂದ ನನ್ನಲ್ಲಿ ಉಳಿದಿರುವ ಅರ್ಧ ಎ-ಟ್ವೆಂಟಿಯನ್ನೂ ಅವಳ ಮೈಗೆ ವರ್ಗಾಯಿಸಬೇಕಾಗಿ ವಿನಂತಿ. ತಮ್ಮ ನಿಯಮ ಅದಕ್ಕೆ ಒಪ್ಪದಿದ್ದರೆ, ಈ ಒಂದು ವಿಷಯದಲ್ಲಿ ಅವಳು ಪೂರ್ತಿ ಅವಳಮ್ಮನ ಹಾಗೇ ಇರಲಿ. ಬೇಕಿದ್ದರೆ ಮೂಗನ್ನೂ ಬಿಟ್ಟುಕೊಡುತ್ತೇನೆ.

ತಮ್ಮನ್ನು ಮೈತುಂಬ ಹೊತ್ತುಕೊಂಡೇ ತಿರುಗುವ,
ತಮ್ಮ ವಿಶ್ವಾಸಿ,
ಬಟ್ಟೆ ರಿಪೇರಿಯವಳು

ವಿ.ಸೂ.: ಮೂಗು ಬಿಟ್ಟುಕೊಡುವ ಕೊನೆಯ ಮಾತು ಸೊಸೆಗೆ ತಿಳಿಯಬಾರದು. ತಾವು ಅವಳ ಮೈಯಲ್ಲೂ ಇದ್ದೀರಂತೆ. ಚಾಡಿ ಹೇಳುವ ಚಾಳಿಯಿದ್ದರೆ ಈಗಲೇ ಬಿಡಿ. ಫಲಿತಾಂಶ ಒಳ್ಳೆಯದಾದರೆ ನಾನೇ ಅವಳಿಗೆ ಹೇಳುತ್ತೇನೆ. ಕೆಟ್ಟದಾದರೆ ತಮಗೇನು, ಅಂಟಿಕೊಂಡರೆ ಕೆಲಸ ಮುಗಿಯಿತು. ಆ ತಾಯಿಗೆ ಮುಖ ತೋರಿಸಬೇಕಾದವಳು ನಾನು.